ಫ್ಯಾಂಟಸಿ ಬೇಸ್‌ಬಾಲ್ ಲೀಗಿಗೆ ಸೇರಿ, ಆದರೆ ಪಾಯಿಂಟಿನ ಲೆಕ್ಕ ಮೊದಲು ಕೇಳಿಕೊಳ್ಳಿ

ಡೆನ್ವರಿಗೆ ಹೊಸದಾಗಿ ಬಂದಿದ್ದೀರಿ. ಆಫೀಸಿನವರು ಫ್ಯಾಂಟಸಿ ಬೇಸ್‌ಬಾಲ್ ಲೀಗಿಗೆ ಕರೆದಿದ್ದಾರೆ, ಅಂದರೆ ನಿಜವಾದ ಆಟಗಾರರನ್ನು ಆರಿಸಿ ನಿಮ್ಮದೇ ತಂಡ ಕಟ್ಟಿ, ಅವರ ಆಟದ ಅಂಕಿಗಳ ಮೇಲೆ ಪೈಪೋಟಿ ಮಾಡುವ ಆಟಕ್ಕೆ. ನಿಮಗೆ ಗೊತ್ತಿರುವುದು ಕ್ರಿಕೆಟ್ ಮಾತ್ರ. ಸೇರಬೇಕಾ, ಬೇಡವಾ, ಈ 'ರೋಟೋ', 'ಫೈವ್ ಬೈ ಫೈವ್' ಅಂದರೆ ಏನು ಅಂತ ಕೇಳಿದ್ದೀರಿ.

ಖಂಡಿತ ಸೇರಿ. ಬೇಸ್‌ಬಾಲ್ ಸೀಸನ್ ಮಾರ್ಚ್ ಕೊನೆಗೆ ಶುರುವಾದರೆ ಸೆಪ್ಟೆಂಬರ್ ಕೊನೆಯವರೆಗೆ ನಡೆಯುತ್ತದೆ. ಒಂದೊಂದು ತಂಡಕ್ಕೆ 162 ಪಂದ್ಯ. ಹೆಚ್ಚು ಕಡಿಮೆ ದಿನಾ ಆಟ ಇರುತ್ತದೆ, ದಿನಾ ಮಾತಿಗೆ ವಿಷಯ ಇರುತ್ತದೆ. ಹೊಸ ಊರಿನಲ್ಲಿ ಸಹೋದ್ಯೋಗಿಗಳ ಜೊತೆ ಸಲಿಗೆ ಬೆಳೆಯಲು ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ.

ಡ್ರೀಮ್11 ಆಡಿದ್ದರೆ ಒಂದು ವ್ಯತ್ಯಾಸ ನೆನಪಿಡಿ. ಅಲ್ಲಿ ಒಂದು ಪಂದ್ಯಕ್ಕೆ ಒಂದು ತಂಡ, ಕೊಹ್ಲಿಯನ್ನು ಎಲ್ಲರೂ ಆರಿಸಿಕೊಳ್ಳಬಹುದು. ಇಲ್ಲಿ ಇಡೀ ಸೀಸನ್ನಿಗೆ ಒಂದೇ ತಂಡ, ಒಬ್ಬ ಆಟಗಾರ ಒಬ್ಬರ ಬಳಿ ಮಾತ್ರ. ಅದಕ್ಕೇ ಮೊದಲಿಗೆ ಡ್ರಾಫ್ಟ್ ಮಾಡುತ್ತಾರೆ, ಅಂದರೆ ಸರದಿಯ ಪ್ರಕಾರ ಒಬ್ಬೊಬ್ಬರಾಗಿ ಆಟಗಾರರನ್ನು ಆರಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಮೊದಲ ಸುತ್ತಿನಲ್ಲಿ ಕೊನೆಗೆ ಆರಿಸಿದವರು ಎರಡನೇ ಸುತ್ತಿನಲ್ಲಿ ಮೊದಲು ಆರಿಸುತ್ತಾರೆ.

ಈಗ ರೋಟೋ. 1980ರಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಶುರುಮಾಡಿದ ಪದ್ಧತಿ ಇದು. ಫೈವ್ ಬೈ ಫೈವ್ ಅಂದರೆ ಬ್ಯಾಟಿಂಗಿಗೆ ಐದು ವಿಭಾಗ: ರನ್, ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ), ಆರ್‌ಬಿಐ (ತನ್ನ ಆಟದಿಂದ ತಂಡಕ್ಕೆ ತಂದುಕೊಟ್ಟ ರನ್), ಕದ್ದ ಬೇಸ್ (ಹೊಡೆತವಿಲ್ಲದೆಯೇ ಮುಂದಿನ ಬೇಸಿಗೆ ಓಡಿ ಮುಟ್ಟಿದ್ದು), ಬ್ಯಾಟಿಂಗ್ ಸರಾಸರಿ (ಎಷ್ಟು ಸರದಿಗೆ ಎಷ್ಟು ಹಿಟ್, ಅಂದರೆ ಹೊಡೆದು ಬೇಸ್ ಮುಟ್ಟಿದ್ದು, ಅನ್ನುವ ಲೆಕ್ಕ). ಪಿಚಿಂಗಿಗೆ (ನಮ್ಮ ಬೌಲಿಂಗ್ ಅನ್ನಿ) ಐದು: ಗೆಲುವು, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಬ್ಯಾಟರ್ ಔಟ್), ಸೇವ್ (ಕೊನೆಯಲ್ಲಿ ಬಂದು ತಂಡದ ಸಣ್ಣ ಮುನ್ನಡೆ ಕಾಪಾಡಿದ್ದು), ಇಆರ್‌ಎ, ವಿಪ್ (ಇವೆರಡನ್ನು ಮುಂದೆ ಹೇಳುತ್ತೇನೆ). ಹತ್ತು ಜನರ ಲೀಗಿನಲ್ಲಿ ಹೋಮ್ ರನ್‌ನಲ್ಲಿ ಮೊದಲಿರುವವರಿಗೆ 10 ಪಾಯಿಂಟ್, ಕೊನೆಯವರಿಗೆ 1. ಹೀಗೆ ಹತ್ತೂ ವಿಭಾಗ ಕೂಡಿಸುತ್ತಾರೆ.

ಇದರ ಗುಟ್ಟು ಇಲ್ಲಿದೆ. ಹೋಮ್ ರನ್‌ನಲ್ಲಿ ನೀವು ಒಂದರಿಂದ ಮುಂದಿದ್ದರೂ 10, ಐವತ್ತರಿಂದ ಮುಂದಿದ್ದರೂ 10. ಆದ್ದರಿಂದ ದೊಡ್ಡ ಹೊಡೆತದವರನ್ನೇ ಗುಡ್ಡೆ ಹಾಕಿಕೊಂಡರೆ ಪ್ರಯೋಜನವಿಲ್ಲ. ಬೇಸ್ ಕದಿಯುವವರು, ಸೇವ್ ತರುವ ಕ್ಲೋಸರ್‌ಗಳು (ಪಂದ್ಯದ ಕೊನೆಗೆ ಬರುವ ಪಿಚರ್‌ಗಳು) ಕಡಿಮೆ. ಅವರಲ್ಲಿ ಒಬ್ಬಿಬ್ಬರು ಕೈಯಲ್ಲಿದ್ದರೆ ಆ ವಿಭಾಗಗಳಲ್ಲಿ ಬೇಗ ಮೇಲೇರಬಹುದು.

ಇಆರ್‌ಎ, ವಿಪ್ ಎರಡೂ ಕಡಿಮೆ ಇದ್ದಷ್ಟು ಒಳ್ಳೆಯದು. ಇಆರ್‌ಎ ಅಂದರೆ ಪಿಚರ್ ಒಂಬತ್ತು ಇನಿಂಗ್ಸಿಗೆ ಎಷ್ಟು ರನ್ ಬಿಟ್ಟುಕೊಡುತ್ತಾನೆ ಅನ್ನುವ ಲೆಕ್ಕ (ಇಲ್ಲಿ ಮೂರು ಔಟಿಗೆ ಒಂದು ಇನಿಂಗ್ಸ್). ಫೀಲ್ಡರುಗಳ ಎಡವಟ್ಟಿನಿಂದ ಬಂದ ರನ್ ಇದರಲ್ಲಿ ಸೇರುವುದಿಲ್ಲ. ಎರಡು ಇನಿಂಗ್ಸಿನಲ್ಲಿ ಐದು ರನ್ ಕೊಟ್ಟರೆ ಆ ದಿನದ ಇಆರ್‌ಎ 22.50. ವಿಪ್ ಅಂದರೆ ಒಂದು ಇನಿಂಗ್ಸಿಗೆ ಕೊಟ್ಟ ಹಿಟ್ ಮತ್ತು ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್) ಒಟ್ಟು. ಇನಿಂಗ್ಸ್ ಬರೆಯುವ ರೀತಿ ನಿಮಗೆ ಕಷ್ಟವಾಗುವುದಿಲ್ಲ: ನಮ್ಮ 6.1 ಓವರ್ ಅಂದರೆ ಆರು ಓವರ್, ಒಂದು ಬಾಲ್, ಅಲ್ವಾ? ಇಲ್ಲಿ 6.1 ಅಂದರೆ ಆರು ಇನಿಂಗ್ಸ್, ಒಂದು ಔಟ್.

ಡೆನ್ವರಿನವರಾಗಿ ಇದೊಂದು ಚೆನ್ನಾಗಿ ತಿಳಿದಿರಲಿ. ನಮ್ಮ ಊರಿನ ಬೇಸ್‌ಬಾಲ್ ಮೈದಾನ ಕೂರ್ಸ್ ಫೀಲ್ಡ್ ಸಮುದ್ರಮಟ್ಟದಿಂದ ಸುಮಾರು ಒಂದು ಮೈಲಿ ಎತ್ತರದಲ್ಲಿದೆ. ಗಾಳಿ ತೆಳು. ಬಾಲ್ ದೂರ ಹೋಗುತ್ತದೆ, ಪಿಚರ್ ಎಸೆದ ಬಾಲ್ ಕಡಿಮೆ ತಿರುಗುತ್ತದೆ. ಹಾಗಾಗಿ ನಿಮ್ಮ ಪಿಚರ್ ಇಲ್ಲಿ ಆಡುವ ದಿನ ಅವನನ್ನು ಬೆಂಚಿನಲ್ಲಿ ಕೂರಿಸುವುದೇ ವಾಸಿ. ಬ್ಯಾಟರ್ ಇಲ್ಲಿಗೆ ಬರುತ್ತಿದ್ದರೆ ಖುಷಿಯಿಂದ ಆಡಿಸಿ.

ಎಲ್ಲ ಲೀಗೂ ರೋಟೋ ಅಲ್ಲ. ಹೆಡ್ ಟು ಹೆಡ್ ಆದರೆ ಸಾಮಾನ್ಯವಾಗಿ ಸೋಮವಾರದಿಂದ ಭಾನುವಾರದವರೆಗೆ ಒಬ್ಬರ ಮೇಲೆ ಆಟ. ಪಾಯಿಂಟ್ಸ್ ಲೀಗ್ ಆದರೆ ಪ್ರತಿ ಹಿಟ್‌ಗೂ, ಔಟಿಗೂ ಇಷ್ಟಿಷ್ಟು ಅಂತ ನಿಗದಿ. ಇದರಿಂದ ಆಟಗಾರನ ಬೆಲೆಯೇ ಬದಲಾಗುತ್ತದೆ. ವಾಕ್ ಜಾಸ್ತಿ ಪಡೆಯುವ ತಾಳ್ಮೆಯ ಬ್ಯಾಟರ್‌ಗೆ ಸರಾಸರಿಯಲ್ಲಿ ಅದರ ಲಾಭ ಸಿಗುವುದಿಲ್ಲ. ವಾಕಿಗೆ ಪಾಯಿಂಟ್ ಕೊಡುವ ಲೀಗಿನಲ್ಲಿ ಅವನೇ ಚಿನ್ನ. ಶೋಹೈ ಓಟಾನಿಯ ಬಗ್ಗೆಯೂ ಕೇಳಿ. 2024ರಲ್ಲಿ 54 ಹೋಮ್ ರನ್ ಹೊಡೆದು 59 ಬೇಸ್ ಕದ್ದವನು, ಪಿಚಿಂಗನ್ನೂ ಮಾಡುವವನು. ಕೆಲವು ಕಡೆ ಅವನನ್ನು ಬ್ಯಾಟರ್ ಒಬ್ಬ, ಪಿಚರ್ ಒಬ್ಬ ಅಂತ ಇಬ್ಬರಾಗಿ ಲೆಕ್ಕ ಹಾಕುತ್ತಾರೆ.

ದುಡ್ಡು ಕಟ್ಟಬೇಕಾ, ಎಷ್ಟು ಅಂತ ಒಪ್ಪಿಕೊಳ್ಳುವ ಮೊದಲೇ ಕೇಳಿ. ಇಲ್ಲಿ ಹಾಗೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಕೊನೆಯ ಸ್ಥಾನದಲ್ಲಿದ್ದರೂ ಜುಲೈನಲ್ಲಿ ಕೈಬಿಡಬೇಡಿ. ನೀವು ತಂಡ ನೋಡದೆ ಬಿಟ್ಟರೆ ನಿಮ್ಮ ಎದುರಾಳಿಗೆ ಸುಮ್ನೆ ಗೆಲುವು, ಉಳಿದವರಿಗೆ ಅನ್ಯಾಯ. ಸ್ನೇಹದ ಲೀಗಿನಲ್ಲಿ ಜನರಿಗೆ ನಿಜವಾಗಿ ಬೇಸರ ತರುವುದು ಇದೇ. ಬೇಸಿಗೆಯಲ್ಲಿ ಊರಿಗೆ ಹೋದರೆ ಫೋನಿನಲ್ಲೇ ಲೈನಪ್ ಹಾಕಬಹುದು. ಇಲ್ಲಿ ಸಂಜೆ 6:40ಕ್ಕೆ ಶುರುವಾಗುವ ಪಂದ್ಯ ಅಲ್ಲಿ ಮರುದಿನ ಬೆಳಗ್ಗೆ 6:10ಕ್ಕೆ. ಹಿಂದಿನ ರಾತ್ರಿ ಮಲಗುವ ಮುಂಚೆಯೇ ಹಾಕಿಬಿಡಿ.