ಪಾಠದ ರೆಕಾರ್ಡಿಂಗ್ ಕೇಳೋಕೆ ಯಾವ ಪ್ಲೇಯರ್ ತಗೊಳ್ಳಬೇಕು?

ಮೊದಲೇ ಹೇಳಿಬಿಡುತ್ತೇನೆ, ಸೌಂಡ್ ನೋಡಿ ಪ್ಲೇಯರ್ ತಗೊಳ್ಳಬೇಡಿ. ನೀವು ಕೆಎಎಸ್‌ಗೆ ಓದುತ್ತಿದ್ದೀರಿ, ಮೊಬೈಲ್ ಸಹವಾಸವೇ ಬೇಡ ಅಂತ ಕೀಪ್ಯಾಡ್ ಫೋನಿಗೆ ಬಂದಿದ್ದೀರಿ, ಕ್ಲಾಸಿನ 200 ಗಂಟೆ ರೆಕಾರ್ಡಿಂಗ್ ಲ್ಯಾಪ್‌ಟಾಪಿನಲ್ಲಿದೆ, ಬಸ್ಸಿನಲ್ಲಿ ಅದನ್ನು ಕೇಳಲು ಐದಾರು ಸಾವಿರದೊಳಗೆ ಯಾವ ಪ್ಲೇಯರ್ ಸೌಂಡ್ ಚೆನ್ನಾಗಿದೆ ಅಂತ ಕೇಳಿದ್ದೀರಿ. ಪಾಠ ಅಂದರೆ ಒಬ್ಬರ ಮಾತು ಅಷ್ಟೇ ಅಲ್ವಾ? ಅದು ಯಾವ ಡಬ್ಬದಲ್ಲಿ ಹಾಕಿದರೂ ಕೇಳಿಸುತ್ತದೆ. ತೊಂದರೆ ಇರುವುದು ಬೇರೆ ಕಡೆ. ಹಾಡು ಐದು ನಿಮಿಷಕ್ಕೆ ಮುಗಿಯುತ್ತದೆ, ಪಾಠ ಒಂದೂವರೆ ಗಂಟೆ ಎಳೆಯುತ್ತದೆ. ಅರ್ಧಕ್ಕೆ ಆಫ್ ಮಾಡಿ ನಾಳೆ ಆನ್ ಮಾಡಿದರೆ ನಿಲ್ಲಿಸಿದ ಜಾಗದಿಂದಲೇ ಶುರುವಾಗಬೇಕು. ಇದಕ್ಕೆ ರೆಸ್ಯೂಮ್ ಅಂತಾರೆ. ಬಾಕ್ಸಿನ ಮೇಲೆ ಯಾರೂ ಇದನ್ನು ದೊಡ್ಡದಾಗಿ ಬರೆಯುವುದಿಲ್ಲ, ಅಂಗಡಿಯವರಿಗೂ ಗೊತ್ತಿರುವುದಿಲ್ಲ.

ನಾನು ದುಡ್ಡು ಕೊಟ್ಟು ಕಲಿತೆ. ಆಗ ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಪಾಸ್ ಮಾಡಿಸಿಕೊಂಡು ಓಡಾಡುತ್ತಿದ್ದೆ. ಹೋಗಿ ಬರುವುದಕ್ಕೆ ಮೂರು ಗಂಟೆ. ಸೀಟು ಸಿಕ್ಕರೆ ಪುಸ್ತಕ, ಸಿಗದಿದ್ದರೆ ಇಯರ್‌ಫೋನ್. 450 ರೂಪಾಯಿಗೆ ಬೆಂಕಿಪೊಟ್ಟಣದಷ್ಟು ಇರುವ, ಸ್ಕ್ರೀನ್ ಇಲ್ಲದ, ಶರ್ಟಿಗೆ ಸಿಕ್ಕಿಸುವ ಪ್ಲೇಯರ್ ಒಂದನ್ನು ತಂದೆ. ನೋಡೋಕೆ ಮುದ್ದಾಗಿತ್ತು, ಆದರೆ ನೆನಪು ಸೊನ್ನೆ. ಸಂಜೆ 38ನೇ ನಿಮಿಷಕ್ಕೆ ನಿಲ್ಲಿಸಿದ ಪಾಠ ಬೆಳಿಗ್ಗೆ ಮತ್ತೆ "ಎಲ್ಲರಿಗೂ ನಮಸ್ಕಾರ, ಹಿಂದಿನ ಕ್ಲಾಸಿನಲ್ಲಿ..." ಅಂತ ಮೊದಲಿನಿಂದ ಶುರುವಾಗುತ್ತಿತ್ತು. ಮುಂದೆ ಓಡಿಸಬೇಕಾದರೆ ಬಟನ್ ಒತ್ತಿಕೊಂಡೇ ಇರಬೇಕು. ಕ್ಯಾತ್ಸಂದ್ರದಲ್ಲಿ ಒತ್ತಿದ ಬೆರಳನ್ನು ಹಿರೇಹಳ್ಳಿಯಲ್ಲಿ ತೆಗೆಯುತ್ತಿದ್ದೆ. ಅಷ್ಟರಲ್ಲಿ ಪಕ್ಕದವರ ಮೊಣಕೈ ತಾಗಿ ಬೆರಳು ಜಾರಿ, ಮತ್ತೆ ಒತ್ತುವ ಗಡಿಬಿಡಿಯಲ್ಲಿ ಅದು ಮುಂದಿನ ಫೈಲಿಗೆ ಹಾರಿತೋ, ಮುಗಿಯಿತು, ಆವತ್ತಿನ ಓದು ಅಲ್ಲಿಗೇ. (ಕ್ಯಾತ್ಸಂದ್ರದಲ್ಲೇ ಇಳಿದು ತಟ್ಟೆ ಇಡ್ಲಿ ತಿಂದಿದ್ದರೆ ವಾಸಿ ಅಂತ ಎಷ್ಟೋ ಸಲ ಅನ್ನಿಸಿದೆ.)

ಅದರಲ್ಲಿ ಇನ್ನೊಂದು ಅವಾಂತರ. ಫೈಲುಗಳಿಗೆ ಪಾಠ 1, ಪಾಠ 2 ಅಂತ ನಂಬರ್ ಕೊಟ್ಟಿದ್ದೆ. ಒಂದು ದಿನ ಬನವಾಸಿಯ ಕದಂಬರು ಮುಗಿದ ತಕ್ಷಣ ಬಹಮನಿ ಸುಲ್ತಾನರು ಬಂದುಬಿಟ್ಟರು. 4ನೇ ಶತಮಾನದಿಂದ ನೇರ 1347ಕ್ಕೆ, ಸಾವಿರ ವರ್ಷ ಒಂದೇ ನೆಗೆತ! ಯಾಕಪ್ಪಾ ಅಂದರೆ ಹೆಸರು ನೋಡಿ ಜೋಡಿಸುವ ಪ್ಲೇಯರ್‌ಗಳಲ್ಲಿ ಬಹಳಷ್ಟಕ್ಕೆ 1 ಆದಮೇಲೆ 10, 11, 12, ಆಮೇಲೆ 2. ಅದಕ್ಕೇ 01, 02 ಅಂತ ಹೆಸರಿಡಬೇಕು, ನೂರು ದಾಟಿದರೆ 001. ಇನ್ನೂ ಅಗ್ಗದವು ಹೆಸರನ್ನು ನೋಡುವುದೇ ಇಲ್ಲ, ಕಾರ್ಡಿಗೆ ಯಾವ ಕ್ರಮದಲ್ಲಿ ಕಾಪಿ ಆಗಿದೆಯೋ ಅದೇ ಕ್ರಮದಲ್ಲಿ ಹಾಡುತ್ತವೆ. ಅಂಥದ್ದು ಕೈಗೆ ಸಿಕ್ಕಿದರೆ ಫೈಲುಗಳನ್ನು ಒಂದೊಂದಾಗಿ ಸಾಲಿನಲ್ಲೇ ಕಾಪಿ ಮಾಡಿ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ, ಬೇಜಾರಾದರೂ ಪರವಾಗಿಲ್ಲ. ಈ ಪ್ಲೇಯರ್‌ಗಳಲ್ಲಿ ಬಹುಪಾಲಕ್ಕೆ ಕನ್ನಡ ಲಿಪಿ ಬರುವುದಿಲ್ಲ, ಬರೀ ಚೌಕದ ಡಬ್ಬಿಗಳು ಕಾಣಿಸುತ್ತವೆ.

ಸರಿ, ಹಾಗಾದರೆ ಏನು ತಗೊಳ್ಳುವುದು? ನನ್ನ ಮಾತು ಕೇಳುವುದಾದರೆ ಎಂಪಿ3 ಪ್ಲೇಯರನ್ನೇ ಬಿಡಿ, ವಾಯ್ಸ್ ರೆಕಾರ್ಡರ್ ತಗೊಳ್ಳಿ. ಪತ್ರಕರ್ತರು ಮೈಕಿನ ಪಕ್ಕ ಇಡುತ್ತಾರಲ್ಲ, ಅದು. ಅದು ಹುಟ್ಟಿದ್ದೇ ಮಾತಿಗಾಗಿ. ನಿಲ್ಲಿಸಿದ ಜಾಗ ನೆನಪಿಡುತ್ತದೆ, ಒಂದು ಬಟನ್ ಒತ್ತಿದರೆ ಕೆಲವು ಸೆಕೆಂಡ್ ಹಿಂದೆ ಹೋಗುತ್ತದೆ, ಅರ್ಥವಾಗದ ಎರಡು ವಾಕ್ಯವನ್ನು ಮಾತ್ರ ಎ-ಬಿ ರಿಪೀಟ್ ಹಾಕಿ ಹತ್ತು ಸಲ ಕೇಳಬಹುದು, ದನಿ ಕೀರಲಾಗದಂತೆ ವೇಗ ಏರಿಸಬಹುದು. ನನ್ನ ಹತ್ತಿರ ಇರುವುದು ಸೋನಿ ಐಸಿಡಿ-ಪಿಎಕ್ಸ್470. ಒಳಗೆ 4 ಜಿಬಿ ಇದೆ, ಮೈಕ್ರೋಎಸ್‌ಡಿ ಕಾರ್ಡಿಗೆ ಜಾಗವಿದೆ, ಯುಎಸ್‌ಬಿ ಅದರ ಮೈಯಿಂದಲೇ ಹೊರಗೆ ಬರುತ್ತದೆ, ಬೇರೆ ಕೇಬಲ್ ಹುಡುಕಬೇಕಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಇದು ಓಡುವುದು ಎರಡು ಎಎಎ ಸೆಲ್ಲಿನಲ್ಲಿ, ಅಂದರೆ ಟಿವಿ ರಿಮೋಟಿನ ಸಣ್ಣ ಸೆಲ್. ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಒಳಗೇ ಬ್ಯಾಟರಿ ಕೂರಿಸಿರುವ ಪ್ಲೇಯರ್‌ಗಳು ಎರಡು ವರ್ಷಕ್ಕೆ ಮುಪ್ಪಾಗುತ್ತವೆ, ಆಮೇಲೆ ಅದನ್ನು ಬದಲಾಯಿಸುವವರು ಸಿಗುವುದು ಕಷ್ಟ. ಇದೇ ಮಾಡೆಲ್ ಆಗಬೇಕು ಅಂತೇನಿಲ್ಲ. ಆದರೆ ಹೆಸರೇ ಕೇಳಿರದ, ಪೆನ್ ಥರ ಕಾಣುವ ಗುಪ್ತಚರ ರೆಕಾರ್ಡರ್‌ಗಳನ್ನು ಮುಟ್ಟಬೇಡಿ, ಅವಕ್ಕೆ ಸ್ಕ್ರೀನೂ ಇಲ್ಲ ನೆನಪೂ ಇಲ್ಲ.

ಇಲ್ಲ, ಪ್ಲೇಯರೇ ಬೇಕು ಅಂದರೆ ಸ್ಯಾನ್‌ಡಿಸ್ಕ್ ಕ್ಲಿಪ್ ಜಾಮ್ ಥರದ್ದು ನೋಡಿ. ಸಣ್ಣ ಸ್ಕ್ರೀನ್ ಇದೆ, ಒತ್ತುವ ಬಟನ್ ಇದೆ, ಜೇಬಿನೊಳಗೆ ಕೈ ಹಾಕಿ ನೋಡದೆಯೇ ನಿಲ್ಲಿಸಬಹುದು. ಅದರಲ್ಲಿ ಒಂದು ಗುಟ್ಟಿದೆ: ಫೈಲುಗಳನ್ನು ಮ್ಯೂಸಿಕ್ ಫೋಲ್ಡರಿಗೆ ಸುರಿಯಬೇಡಿ, ಆಡಿಯೋಬುಕ್ಸ್ ಇಲ್ಲವೇ ಪಾಡ್‌ಕಾಸ್ಟ್ಸ್ ಫೋಲ್ಡರಿಗೆ ಹಾಕಿ. ಅಲ್ಲಿರುವ ಫೈಲುಗಳಿಗೆ ಎಲ್ಲಿ ನಿಲ್ಲಿಸಿದಿರಿ ಅನ್ನುವ ಲೆಕ್ಕ ಅದು ಇಟ್ಟುಕೊಳ್ಳುತ್ತದೆ. ಇದು ಗೊತ್ತಿಲ್ಲದೆ "ರೆಸ್ಯೂಮ್ ಇಲ್ಲ" ಅಂತ ಬೈದುಕೊಂಡು ಮಾರಿದವರನ್ನು ನೋಡಿದ್ದೇನೆ. ಹಳೇ ಐಪಾಡ್ ಯಾರಾದರೂ ಕೊಡ್ತೀನಿ ಅಂದರೆ ಬೇಡ ಅನ್ನಿ. ಆಪಲ್ 2022ರಲ್ಲೇ ಐಪಾಡ್ ನಿಲ್ಲಿಸಿತು, ನ್ಯಾನೋ ಮತ್ತು ಶಫಲ್ 2017ರಲ್ಲೇ ಹೋದವು, ಈಗ ಸಿಗುವುದರ ಬ್ಯಾಟರಿಗೆಲ್ಲ ವಯಸ್ಸಾಗಿದೆ. ಹೈ-ರೆಸ್, ಅಂದರೆ ಸೌಂಡಿನ ಸೂಕ್ಷ್ಮವೆಲ್ಲ ಕೇಳಿಸುತ್ತದೆ ಅಂತ ಹತ್ತು ಹದಿನೈದು ಸಾವಿರಕ್ಕೆ ಬರುವವು ಹಾಡಿನ ಹುಚ್ಚಿರುವವರಿಗೆ. ಕೋಚಿಂಗ್ ಕ್ಲಾಸಿನ ಫ್ಯಾನ್ ಸದ್ದನ್ನು ಹೈ-ರೆಸ್‌ನಲ್ಲಿ ಕೇಳಿ ಏನು ಮಾಡ್ತೀರಿ?

ಆದರೆ ಐದು ಸಾವಿರ ಖರ್ಚು ಮಾಡುವ ಮೊದಲು ಒಂದು ಕೆಲಸ ಮಾಡಿ ನೋಡಿ. ನಿಮ್ಮ ಕೀಪ್ಯಾಡ್ ಫೋನಿನಲ್ಲಿ ಮೆಮೊರಿ ಕಾರ್ಡ್ ಹಾಕುವ ಜಾಗ ಇದ್ದರೆ, ನೋಕಿಯಾ 110 ಥರದ್ದಾದರೆ, ಅದರಲ್ಲೇ ಎಂಪಿ3 ಹಾಡುತ್ತದೆ. ರೆಸ್ಯೂಮ್ ಇಲ್ಲ ಅನ್ನುವುದಕ್ಕೆ ಬಡವರ ಉಪಾಯ ಒಂದಿದೆ: ಪಾಠವನ್ನೇ ಹತ್ತು ಹತ್ತು ನಿಮಿಷದ ತುಂಡು ಮಾಡುವುದು. ಎಂಪಿ3ಡೈರೆಕ್ಟ್‌ಕಟ್ ಅನ್ನುವ ಪುಟ್ಟ ಉಚಿತ ಸಾಫ್ಟ್‌ವೇರ್ ಇದೆ, ಅದು ಮತ್ತೆ ಕನ್ವರ್ಟ್ ಮಾಡದೆ ಸುಮ್ನೆ ಕತ್ತರಿಸಿ ಕೊಡುತ್ತದೆ. 07-03 ಅಂದರೆ ಏಳನೇ ಪಾಠದ ಮೂರನೇ ತುಂಡು. ಪ್ಲೇಯರ್ ಮರೆತರೂ ನಿಮಗೆ ನೆನಪಿರುತ್ತದೆ, ಜಾಸ್ತಿ ಅಂದರೆ ಹತ್ತು ನಿಮಿಷ ಎರಡನೇ ಸಲ ಕೇಳುತ್ತೀರಿ, ಅದು ರಿವಿಷನ್ ಅಂದುಕೊಳ್ಳಿ. ನಾನು ಆ 450 ರೂಪಾಯಿಯ ಡಬ್ಬದಲ್ಲಿ ಹೀಗೇ ಎಂಟು ತಿಂಗಳು ತಳ್ಳಿದ್ದೇನೆ.

ಫೈಲ್ ತಯಾರಿಗೆ ಒಂದು ಭಾನುವಾರ ಇಡಿ, ನಿಜ ಹೇಳಬೇಕೆಂದರೆ ಪ್ಲೇಯರ್‌ಗಿಂತ ಇದೇ ಮುಖ್ಯ. ಫೋನಿನಲ್ಲಿ ಮಾಡಿದ ರೆಕಾರ್ಡಿಂಗ್ ಎಷ್ಟೋ ಸಲ ಎಂ4ಎ ಅನ್ನುವ ಫಾರ್ಮ್ಯಾಟಿನಲ್ಲಿರುತ್ತದೆ, ವಾಟ್ಸಾಪಿನಲ್ಲಿ ಬಂದ ವಾಯ್ಸ್ ಮೆಸೇಜ್ ಓಪಸ್ ಆಗಿರುತ್ತದೆ. ಅಗ್ಗದ ಪ್ಲೇಯರ್‌ಗಳು ಇವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಎಲ್ಲವನ್ನೂ ಎಂಪಿ3, ಮೋನೋ (ಎರಡೂ ಕಿವಿಗೆ ಒಂದೇ ಸದ್ದು), 64 ಕೆಬಿಪಿಎಸ್‌ಗೆ ತನ್ನಿ. ಗಂಟೆಗೆ ಸುಮಾರು 29 ಎಂಬಿ ಆಗುತ್ತದೆ, ನಿಮ್ಮ 200 ಗಂಟೆ 6 ಜಿಬಿಯೊಳಗೆ ಕೂರುತ್ತದೆ. ಹಾಗಾಗಿ 64 ಜಿಬಿ, 128 ಜಿಬಿ ಅಂತ ಅಂಗಡಿಯವರು ಆಸೆ ತೋರಿಸಿದರೆ ಬೀಳಬೇಡಿ. ಮೋನೋ ಯಾಕೆ ಅಂದರೆ ಕೆಲವು ರೆಕಾರ್ಡಿಂಗ್ ಒಂದೇ ಕಿವಿಯಲ್ಲಿ ಬರುತ್ತದೆ, ಅರ್ಧ ಗಂಟೆಗೆ ತಲೆ ವಾಲಿದ ಹಾಗೆ ಆಗುತ್ತದೆ. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಇಷ್ಟು ಡೇಟಾ ಅನ್ನುವ ಆ 64ರ ಲೆಕ್ಕ, ಕಾನ್‌ಸ್ಟಂಟ್ ಇರಲಿ. ವೇರಿಯಬಲ್ ಇಟ್ಟರೆ ಕೆಲವು ಪ್ಲೇಯರ್‌ಗಳಿಗೆ ನಿಮಿಷದ ಲೆಕ್ಕ ತಪ್ಪಿ, ಮುಂದೆ ಓಡಿಸಿದಾಗ ಎಲ್ಲೆಲ್ಲಿಗೋ ಹೋಗುತ್ತದೆ.

ಆಡಾಸಿಟಿ ಅಂತ ಆಡಿಯೋ ಎಡಿಟ್ ಮಾಡುವ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ಮೂರು ಸಂಗತಿ ಕಲಿತರೆ ಸಾಕು. ಟ್ರಂಕೇಟ್ ಸೈಲೆನ್ಸ್ ಅನ್ನುವುದು ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವಾಗ ಸುಮ್ಮನಿರುವ ಹೊತ್ತನ್ನು ಕತ್ತರಿಸುತ್ತದೆ. ನನ್ನ 62 ನಿಮಿಷದ ಒಂದು ಸಂವಿಧಾನದ ಪಾಠ 51ಕ್ಕೆ ಇಳಿಯಿತು, ಒಂದು ಮಾತೂ ಕಳೆದುಹೋಗಲಿಲ್ಲ. ಕಂಪ್ರೆಸರ್ ಅನ್ನುವುದು ಬೋರ್ಡಿನ ಕಡೆ ತಿರುಗಿದಾಗ ಇಳಿಯುವ ದನಿಯನ್ನೂ, ನಮ್ಮ ಕಡೆ ತಿರುಗಿ ಕೂಗುವ ದನಿಯನ್ನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತರುತ್ತದೆ. ಬಸ್ಸಿನಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ, ಇಲ್ಲದಿದ್ದರೆ ವಾಲ್ಯೂಮ್ ಬಟನ್ ಜೊತೆಗೇ ಕುಸ್ತಿ. ಇನ್ನು ಪ್ಲೇಯರ್‌ನಲ್ಲಿ ವೇಗ ಏರಿಸುವ ಸೌಲಭ್ಯ ಇಲ್ಲದಿದ್ದರೆ ಇಲ್ಲೇ ಏರಿಸಿಕೊಳ್ಳಿ, ಆದರೆ ಚೇಂಜ್ ಟೆಂಪೋ ಆರಿಸಿ, ಚೇಂಜ್ ಸ್ಪೀಡ್ ಅಲ್ಲ. ಸ್ಪೀಡ್ ಆರಿಸಿದರೆ ದನಿಯೂ ಏರಿ, ಮೇಷ್ಟ್ರು ಅಳಿಲಿನ ಹಾಗೆ ಮಾತಾಡುತ್ತಾರೆ. ಶೇಕಡ 25 ಏರಿಸಿದರೆ ಸಾಕು. ಅಂಕಿಅಂಶ, ಕಲಂ ನಂಬರ್ ಇರುವ ಪಾಠಗಳನ್ನು ಹಾಗೇ ಬಿಡಿ.

ಕಾರ್ಡ್ ಬೇಕಾದರೆ 32 ಜಿಬಿಯದ್ದೇ ತಗೊಳ್ಳಿ. 64ರಿಂದ ಮೇಲಿನವು ಎಕ್ಸ್‌ಫ್ಯಾಟ್ ಅನ್ನುವ ಫಾರ್ಮ್ಯಾಟಿನಲ್ಲಿ ಬರುತ್ತವೆ, ಬಹಳಷ್ಟು ಸಣ್ಣ ಪ್ಲೇಯರ್‌ಗಳಿಗೆ ಅದು ಓದಲು ಬರುವುದಿಲ್ಲ. ರಸ್ತೆ ಬದಿಯಲ್ಲಿ ಸಿಗುವ ಕಾರ್ಡಿನ ಮೇಲೆ 32 ಅಂತ ಬರೆದಿದ್ದರೂ ಒಳಗೆ ಅಷ್ಟು ಇರುತ್ತದೆ ಅಂತ ನಂಬಬೇಡಿ, ಲ್ಯಾಪ್‌ಟಾಪಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಕಾರ್ಡ್ ಪರೀಕ್ಷಿಸುವ ಸಾಫ್ಟ್‌ವೇರ್ ಹಾಕಿ ಪರೀಕ್ಷೆ ಮಾಡಿ. ನನ್ನದೊಂದು ಕಾರ್ಡ್ ತುಂಬಿದ ಹಾಗೆ ನಟಿಸಿ, ಕೊನೆಯ ನಲವತ್ತು ಪಾಠಗಳನ್ನು ನುಂಗಿಹಾಕಿತ್ತು.

ಆನ್‌ಲೈನಿಗಿಂತ ಅಂಗಡಿಯಲ್ಲಿ ತಗೊಳ್ಳುವುದು ವಾಸಿ, ಬೆಂಗಳೂರಿಗೆ ಬಂದರೆ ಎಸ್.ಪಿ. ರೋಡ್ ಇದ್ದೇ ಇದೆ. ಜೊತೆಗೆ ನಿಮ್ಮದೇ ಒಂದು ಗಂಟೆಯ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಹಾಕಿಸಿ, ಅರ್ಧದವರೆಗೆ ಓಡಿಸಿ, ಎಷ್ಟು ಹೊತ್ತು ಹಿಡಿಯಿತು ನೋಡಿ. ಬೇರೆ ಫೈಲಿಗೆ ಹೋಗಿ, ಪೂರ್ತಿ ಆಫ್ ಮಾಡಿ, ಆನ್ ಮಾಡಿ, ಮೊದಲಿನದಕ್ಕೆ ವಾಪಸ್ ಬನ್ನಿ. "ಎಲ್ಲರಿಗೂ ನಮಸ್ಕಾರ" ಅಂತ ಕೇಳಿಸಿದರೆ ಅಂಗಡಿಯವರಿಗೂ ಒಂದು ನಮಸ್ಕಾರ ಹೇಳಿ ಪಕ್ಕದ ಅಂಗಡಿಗೆ ನಡೆಯಿರಿ. ಇಯರ್‌ಫೋನ್ ವೈರಿನದ್ದೇ ಇರಲಿ, ರಬ್ಬರ್ ಬುಡ್ಡೆ ಇರುವಂಥದ್ದು. ಅದು ಇಂಜಿನ್ ಸದ್ದನ್ನು ಒಂದಿಷ್ಟು ಹೊರಗೇ ತಡೆಯುವುದರಿಂದ ವಾಲ್ಯೂಮ್ ಅರ್ಧ ದಾಟಿಸುವ ಪ್ರಮೇಯ ಬರುವುದಿಲ್ಲ. ಎರಡು ಜೊತೆ ತಗೊಳ್ಳಿ, ಒಂದು ಹೇಗಿದ್ದರೂ ಬಸ್ಸಿನ ಸೀಟಿನ ಸಂದಿಗೆ ಸಿಕ್ಕಿ ಕಿತ್ತು ಹೋಗುತ್ತದೆ.