ಹತ್ತನೇ ಫ್ರೇಮಿನ 211, ಮೂಲೆಯ ಹತ್ತನೇ ಪಿನ್

ನಮಸ್ಕಾರ. ನೀವು ಕೇಳಿರೋದು ಮೂರು ವಿಷಯ. ಆಫೀಸಿನ ಟೆನ್‌ಪಿನ್ ಬೌಲಿಂಗ್ (ಬಾಲ್ ಉರುಳಿಸಿ ಹತ್ತು ಪಿನ್ ಕೆಡವೋ ಆಟ) ಲೀಗಿಗೆ ನೀವೇ ಬರೆದ ಸ್ಕೋರ್ ಪೇಜು, ಸೆಂಟರಿನ ಸ್ಕ್ರೀನ್ 201 ಅಂದ ಆಟಕ್ಕೆ 211 ತೋರಿಸ್ತಿದೆ. ಪಾಕೆಟ್‌ಗೆ, ಅಂದ್ರೆ ಎಲ್ಲಕ್ಕಿಂತ ಮುಂದಿರೋ 1ನೇ ಪಿನ್‌ಗೂ ಅದರ ಬಲಹಿಂದಿನ 3ನೇ ಪಿನ್‌ಗೂ ನಡುವೆ, ಬಿದ್ದ ಹಾಗೆ ಕಂಡರೂ ಬಲಮೂಲೆಯ 10ನೇ ಪಿನ್ ನಿಂತೇ ಇರುತ್ತೆ. ಫೋನಿನ ವಿಡಿಯೋದಿಂದ ಬಾಲಿನ ವೇಗ ಲೆಕ್ಕ ಹಾಕಿದರೆ ಗಂಟೆಗೆ 3.6 ಕಿಲೋಮೀಟರ್ ಅಂತ ಬರುತ್ತೆ. ಮೂರಕ್ಕೂ ಒಟ್ಟಿಗೇ ಬರೀತೀನಿ, ಯಾಕಂದ್ರೆ ಮೂರರ ಬುಡವೂ ಒಂದೇ. ಲೇನಿನ (ಬಾಲ್ ಉರುಳೋ ಓಣಿಯ) ಮೇಲೆ ಏನಾಯ್ತು ಅನ್ನೋದನ್ನ ಬಿಟ್ಟು, ಅದರಿಂದ ಹುಟ್ಟಿದ ಅಂಕಿಯನ್ನ ಮಾತ್ರ ಹಿಡಿದಿಟ್ಟುಕೊಳ್ತಿದ್ದೀರಿ.

ಮೊದಲು 211. ನೀವು ಹಾಕಿದ ಆಟದ ಎಸೆತಗಳು ಸಾಲಾಗಿ ಹೀಗಿವೆ: 10, 9, 1, 7, 2, 10, 10, 8, 1, 9, 1, 10, 10, 10, 9, 1. ಒಟ್ಟು 16 ಎಸೆತ. ಕೈಯಲ್ಲೇ ಕೂಡಿದರೆ ಫ್ರೇಮಿನಿಂದ ಫ್ರೇಮಿಗೆ (ಒಂದು ಆಟದಲ್ಲಿ ಇಂಥ ಹತ್ತು ಸರದಿ) 20, 37, 46, 74, 93, 102, 122, 152, 181, 201. ಸೆಂಟರಿನ ಲೆಕ್ಕ ಸರಿ ಇದೆ. ನಿಮ್ಮ ಕೋಡಿನ ಲೂಪ್ (ಮತ್ತೆ ಮತ್ತೆ ಓಡೋ ಭಾಗ) ಹತ್ತು ಫ್ರೇಮಿಗೆ ನಿಲ್ಲದೆ ಎಸೆತಗಳ ಪಟ್ಟಿ ಮುಗಿಯೋವರೆಗೂ ಓಡ್ತಿದೆ. ಹತ್ತನೇ ಫ್ರೇಮಿನ ಸ್ಟ್ರೈಕ್‌ಗೆ (ಮೊದಲ ಎಸೆತಕ್ಕೇ ಹತ್ತೂ ಬಿದ್ದದ್ದಕ್ಕೆ) ಮುಂದಿನ 9 ಮತ್ತು 1 ಸೇರಿಸಿ 20 ಕೊಟ್ಟಿತು, ಅಲ್ಲಿಗೆ ಆಟ ಮುಗೀಬೇಕಿತ್ತು. ಆದರೆ ಅದು ಆ 9 ಮತ್ತು 1ನ್ನೇ ಹನ್ನೊಂದನೇ ಫ್ರೇಮಿನ ಸ್ಪೇರ್ (ಎರಡು ಎಸೆತದಲ್ಲಿ ಹತ್ತೂ ಬಿದ್ದದ್ದು) ಅಂತ ಮತ್ತೆ ಹಿಡಿದು ಇನ್ನೊಂದು 10 ಕೂಡಿಸಿತು. ಸ್ಪೇರ್ ಆದ್ಮೇಲೆ ಇನ್ನೊಂದು ಎಸೆತ ಇರಲಿಲ್ಲ. ಅಲ್ಲಿ ‘ನ್ಯಾನ್’ (NaN, ಅಂದ್ರೆ ಇದು ಸಂಖ್ಯೆಯಲ್ಲ ಅನ್ನೋ ಗುರುತು) ಬರಬೇಕಿತ್ತು, ನೀವು ಇಲ್ಲದ್ದಕ್ಕೆ ಸೊನ್ನೆ ಹಿಡಿ ಅಂತ ಬರೆದಿರೋದ್ರಿಂದ ತಪ್ಪು ಮುಚ್ಚಿಹೋಯ್ತು. ಖಾತ್ರಿ ಬೇಕಿದ್ರೆ ಹನ್ನೆರಡು ಸ್ಟ್ರೈಕ್ ಕೊಟ್ಟು ನೋಡಿ. 300 ಬರಬೇಕಾದ ಕಡೆ ನಿಮ್ಮ ಪೇಜು 330 ಅನ್ನುತ್ತೆ.

ಸರಿಪಡಿಸೋದು ಹೀಗೆ. ಫ್ರೇಮ್ ಎಣಿಕೆ ಒಂದರಿಂದ ಹತ್ತರವರೆಗೆ ಮಾತ್ರ. ಎಸೆತಗಳ ಪಟ್ಟಿಯಲ್ಲಿ ಎಲ್ಲಿದ್ದೀವಿ ಅಂತ ತೋರಿಸೋಕೆ ಬೇರೆಯೇ ಒಂದು ಎಣಿಕೆ. ಅಲ್ಲಿರೋದು 10 ಆಗಿದ್ರೆ ಮುಂದಿನ ಎರಡನ್ನ ಕೂಡಿಸಿ, ಒಂದು ಹೆಜ್ಜೆ ಮುಂದೆ ಹೋಗಿ. ಎರಡು ಸೇರಿ 10 ಆದ್ರೆ ಮೂರನೆಯದನ್ನ ಕೂಡಿಸಿ, ಎರಡು ಹೆಜ್ಜೆ. ಎರಡೂ ಅಲ್ಲದಿದ್ರೆ ಇದ್ದಷ್ಟೇ ಕೂಡಿ, ಎರಡು ಹೆಜ್ಜೆ. ಈ ಮೂರು ಸಾಲು ಹತ್ತನೇ ಫ್ರೇಮಿಗೂ ಹಾಗೇ ಸಾಕು, ಅದಕ್ಕೆ ಬೇರೆ ನಿಯಮ ಬೇಕಿಲ್ಲ. ಹತ್ತನೇ ಫ್ರೇಮ್ ಬೇರೆಯಾಗೋದು ಪರದೆ ಮೇಲೆ ಬಿಡಿಸುವಾಗ, ಅಂದ್ರೆ ಮೂರು ಚೌಕ ಬೇಕಾದಾಗ. ಲೆಕ್ಕ ಮತ್ತು ಚಿತ್ರ ಒಂದೇ ಫಂಕ್ಷನ್‌ನಲ್ಲಿ ಸೇರಿಕೊಂಡಿದ್ದಕ್ಕೇ ನಿಮಗೆ ಈ ಗೋಜಲು ಆಗಿದೆ. ಬೇಕಾದ ಎಸೆತ ಇನ್ನೂ ಆಗದಿದ್ರೆ ಸೊನ್ನೆ ಹಿಡೀಬೇಡಿ, ಆ ಫ್ರೇಮಿನ ಮೊತ್ತ ಖಾಲಿ ಬಿಡಿ. ಸ್ಟ್ರೈಕ್ ಬಿದ್ದ ಕೂಡಲೇ 10 ಅಂತ ತೋರಿಸಿ ಆಮೇಲೆ ಬದಲಾಯಿಸಿದರೆ ಆಡ್ತಿರೋರು ಪ್ರತಿ ಸಲ ಗೊಂದಲ ಆಗ್ತಾರೆ.

ಪರೀಕ್ಷೆಗೆ ಈ ಆಟಗಳನ್ನ ಕಾಯಂ ಇಟ್ಟುಕೊಳ್ಳಿ: ಎಲ್ಲ ಎಸೆತವೂ ಗಟರಿಗೆ (ಲೇನಿನ ಪಕ್ಕದ ಕಾಲುವೆಗೆ) ಹೋದ್ರೆ 0, ಇಪ್ಪತ್ತೂ ಒಂದೊಂದು ಆದ್ರೆ 20, ಇಪ್ಪತ್ತೊಂದು ಸಲ 5 ಆದ್ರೆ 150, ಪ್ರತಿ ಫ್ರೇಮೂ 9 ಮತ್ತು ಸ್ಪೇರ್, ಕೊನೆಗೆ 9 ಆದ್ರೆ 190, ಸ್ಟ್ರೈಕ್ ಸ್ಪೇರ್ ಸ್ಟ್ರೈಕ್ ಸ್ಪೇರ್ ಅಂತ ಕೊನೇವರೆಗೂ ಬಂದ್ರೆ 200. ಜೊತೆಗೆ ಒಂದನ್ನ ಎಲ್ಲರೂ ಮರೀತಾರೆ: ಮೊದಲ ಎಸೆತ 0, ಎರಡನೆಯದು 10. ಅದು ಸ್ಪೇರ್, ಸ್ಟ್ರೈಕ್ ಅಲ್ಲ. ಎಸೆತ 10 ಇದೆಯಾ ಅಂತ ಫ್ರೇಮಿನ ಮೊದಲ ಎಸೆತದಲ್ಲಿ ಮಾತ್ರ ಕೇಳ್ಬೇಕು.

ಈಗ ನಿಜವಾಗಿ ಮುಖ್ಯವಾದ್ದು. ಎಷ್ಟು ಪಿನ್ ಬಿತ್ತು ಅನ್ನೋದರ ಬದಲು ಯಾವ ಪಿನ್ ನಿಂತಿದೆ ಅಂತ ಉಳಿಸಿ. ಹತ್ತು ಪಿನ್‌ಗೆ ಹತ್ತು ಬಿಟ್ (ನಿಂತಿದೆ, ಇಲ್ಲ ಅನ್ನೋ ಗುರುತು) ಸಾಕು. 1ನೇ ಪಿನ್‌ಗೆ 1, 2ನೇದಕ್ಕೆ 2, 3ನೇದಕ್ಕೆ 4, ಹೀಗೆ 10ನೇದಕ್ಕೆ 512. ಎಲ್ಲ ನಿಂತಿದ್ರೆ 1023, ಎಲ್ಲ ಬಿದ್ರೆ 0. 10ನೇ ಪಿನ್ ಒಂದೇ ಉಳಿದ್ರೆ 512, 7 ಮತ್ತು 10 ಎರಡೇ ಉಳಿದ್ರೆ 576. ಎಷ್ಟು ಬಿತ್ತು ಅನ್ನೋದು ಬಿಟ್ ಎಣಿಸಿದ್ರೆ ಸಿಗುತ್ತೆ, ಸ್ಕೋರ್ ಅದರಿಂದ ಹುಟ್ಟುತ್ತೆ. ತಪ್ಪು ಒತ್ತಿದ್ದನ್ನೂ ಹಿಡೀಬಹುದು. ಮೊದಲ ಎಸೆತದಲ್ಲಿ ಬಿದ್ದ ಪಿನ್ ಎರಡನೇ ಎಸೆತ ಆದ್ಮೇಲೆ ನಿಂತಿರೋಕೆ ಸಾಧ್ಯ ಇಲ್ಲ (ಹತ್ತನೇ ಫ್ರೇಮಿನಲ್ಲಿ ಸ್ಟ್ರೈಕ್ ಆಗಿ ಪಿನ್‌ಗಳನ್ನ ಮತ್ತೆ ನಿಲ್ಲಿಸಿದಾಗ ಬಿಟ್ಟು), ಹಾಗೆ ಬಂದ್ರೆ ಪೇಜು ಒಪ್ಪಬಾರದು. ಪರದೆ ಮೇಲೆ ಹತ್ತು ಪಿನ್‌ಗಳ ತ್ರಿಕೋನ ಬಿಡಿಸಿ, ನಿಂತಿರೋದನ್ನ ಮುಟ್ಟಿದ್ರೆ ಆಯ್ತು. ಸಾಮಾನ್ಯವಾಗಿ ಉಳಿಯೋದು ಒಂದೋ ಎರಡೋ, ಹಾಗಾಗಿ ಅಂಕಿ ಒತ್ತೋದಕ್ಕಿಂತ ಇದೇ ಬೇಗ ಆಗುತ್ತೆ. ಒಂದೊಂದು ಪಿನ್‌ಗೂ ಬೆರಳು ಕೂರೋ ಅಷ್ಟು ಜಾಗ ಇರಲಿ, ಆಡಿದ ಕೈಯಲ್ಲಿ ಬೆವರಿರುತ್ತೆ.

ಮೂಲ ಎಸೆತಗಳು ಕೈಲಿದ್ರೆ ನಿಯಮ ಬದಲಾದ್ರೂ ಡೇಟಾ ಕೆಡೋದಿಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಳಸಿರೋ ‘ಕರೆಂಟ್ ಫ್ರೇಮ್’ ಲೆಕ್ಕದಲ್ಲಿ ಸ್ಟ್ರೈಕ್‌ಗೆ ನೇರ 30, ಸ್ಪೇರ್‌ಗೆ 10 ಮತ್ತು ಅದೇ ಫ್ರೇಮಿನ ಮೊದಲ ಎಸೆತ, ಹತ್ತನೇ ಫ್ರೇಮಿಗೆ ಹೆಚ್ಚುವರಿ ಎಸೆತ ಇಲ್ಲ. ನಿಮ್ಮ ಇದೇ ಆಟ ಅಲ್ಲಿ 236 ಆಗುತ್ತೆ. ಬರೀ ಮೊತ್ತ ಉಳಿಸಿದ್ದರೆ ಇದನ್ನ ಕಂಡುಹಿಡಿಯೋಕೆ ದಾರಿಯೇ ಇರ್ತಿರಲಿಲ್ಲ.

ಸರಾಸರಿಯಲ್ಲೂ ಅದೇ ಎಚ್ಚರ. ಒಂದು ದಿನ ಮೂರು ಆಟ ಸೇರಿ 450, ಇನ್ನೊಂದು ದಿನ ಒಂದೇ ಆಟ 190. ದಿನದ ಸರಾಸರಿಗಳ ಸರಾಸರಿ ತೆಗೆದ್ರೆ 170 ಬರುತ್ತೆ, ಅದು ತಪ್ಪು. 640ನ್ನ 4ರಿಂದ ಭಾಗಿಸಿ, 160. ಹ್ಯಾಂಡಿಕ್ಯಾಪ್ (ಕಡಿಮೆ ಸರಾಸರಿಯವರಿಗೆ ಕೊಡೋ ಹೆಚ್ಚುವರಿ ಪಿನ್) 200ಕ್ಕೂ ಸರಾಸರಿಗೂ ಇರೋ ವ್ಯತ್ಯಾಸದ ಶೇ. 90 ಅಂತ ಇಟ್ಟುಕೊಂಡಿದ್ರೆ 36 ಪಿನ್. ದಶಮಾಂಶ ಬಿಟ್ಟುಬಿಡೋದಾ ಮೇಲಕ್ಕೆ ಏರಿಸೋದಾ ಅಂತ ಲೀಗ್ ಶುರುವಾಗೋ ಮೊದಲೇ ಬರೆದು ಹಂಚಿ. ಇಲ್ಲಾಂದ್ರೆ ಕೊನೇ ವಾರ ಒಂದು ಪಿನ್‌ಗೆ ಜಗಳ ಆಗುತ್ತೆ.

ಮಾಲ್‌ಗಳ ಒಳಗೆ, ನೆಲಮಾಳಿಗೆಯಲ್ಲಿರೋ ಸೆಂಟರುಗಳಲ್ಲಿ ನೆಟ್‌ವರ್ಕ್ ನಂಬೋ ಹಾಗಿಲ್ಲ. ಪ್ರತಿ ಎಸೆತವನ್ನೂ ಮೊದಲು ಫೋನಿನಲ್ಲೇ ಉಳಿಸಿ, ಸಿಗ್ನಲ್ ಸಿಕ್ಕಾಗ ಸರ್ವರಿಗೆ ಕಳಿಸಿ. ಐಫೋನಿನ ಸಫಾರಿಯಲ್ಲಿ ಒಂದು ಬಲೆ ಇದೆ: ಏಳು ದಿನ ಬ್ರೌಸರ್ ಬಳಸ್ತಾ ಇದ್ದು ನಿಮ್ಮ ಪೇಜನ್ನ ಮಾತ್ರ ತೆರೀದೇ ಇದ್ರೆ, ಆ ಪೇಜು ಬ್ರೌಸರಿನಲ್ಲಿ ಇಟ್ಟ ಡೇಟಾ ಅಳಿಸಿಹೋಗುತ್ತೆ. ಲೀಗ್ ವಾರಕ್ಕೊಮ್ಮೆ ನಡೆಯೋದ್ರಿಂದ ಇದು ನೇರವಾಗಿ ನಿಮ್ಮ ತಲೆ ಮೇಲೇ ಬರೋ ಅಪಾಯ. ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡವರಿಗೆ ಹಾಗಾಗೋದಿಲ್ಲ, ಎಲ್ಲರಿಗೂ ಸೇರಿಸಿಕೊಳ್ಳೋಕೆ ಹೇಳಿ. ಆವತ್ತಿನ ಆಟ ಆವತ್ತೇ ಸರ್ವರಿಗೆ ಹೋಯ್ತಾ ಅಂತ ಪರದೆ ಮೇಲೆ ಕಾಣೋ ಹಾಗೂ ಮಾಡಿ.

ಇನ್ನು 10ನೇ ಪಿನ್. ನೀವು ಬಲಗೈಯವರು ಅಂದಿದ್ದೀರಿ. ಒಳ್ಳೇ ಸ್ಟ್ರೈಕ್‌ನಲ್ಲಿ ಬಾಲ್ ಮುಟ್ಟೋದು ನಾಲ್ಕೇ ಪಿನ್: 1, 3, 5, 9. 1ನೇದು 2ನ್ನ, 2ನೇದು 4ನ್ನ, 4ನೇದು 7ನ್ನ ಕೆಡವುತ್ತೆ. 5ನೇದು 8ನ್ನ ಕೆಡವುತ್ತೆ. ಬಲಗಡೆ 3ನೇದು 6ನ್ನ, 6ನೇದು 10ನ್ನ. ಅಂದ್ರೆ 10 ನಿಂತಿದೆ ಅಂದ್ರೆ ತಪ್ಪಿದ್ದು 6ನೇದು. ಹಾಗಾಗಿ ಮುಂದಿನ ಸಲ ಬಾಲ್ ನೋಡಬೇಡಿ, 6ನೇ ಪಿನ್ ಎಲ್ಲಿಗೆ ಹೋಯ್ತು ನೋಡಿ.

6ನೇದು ಬಲಗಟರಿನಲ್ಲಿ ಸುಮ್ಮನೆ ಮಲಗಿದ್ರೆ, ಬಾಲ್ 1ನೇ ಪಿನ್‌ಗೆ ಬಡಿದು ಬಲಕ್ಕೆ ಸರಿದಿದೆ, 3ನೇ ಪಿನ್‌ನ ಸರಿಯಾದ ಕಡೆ ತಳ್ಳೋ ಶಕ್ತಿ ಅದರಲ್ಲಿ ಉಳಿದಿರಲಿಲ್ಲ. 6ನೇದು ಜೋರಾಗಿ ಹಾರಿ 10ರ ಕತ್ತಿನ ಸುತ್ತ ಬಳಸಿ ಹೋಗಿದ್ರೆ ಏಟು ಚೆನ್ನಾಗಿಯೇ ಇತ್ತು, ಕೋನ ಒಂದು ಕೂದಲೆಳೆಯಷ್ಟು ಆಚೀಚೆ. ಎರಡನೆಯದಕ್ಕೆ ಒಂದು ಬೋರ್ಡ್‌ಗಿಂತ (ಲೇನಿನ ಉದ್ದಕ್ಕೂ ಇರೋ ಪಟ್ಟಿಗಳಲ್ಲಿ ಒಂದು) ಹೆಚ್ಚು ಕದಲಬೇಡಿ. ಮೊದಲನೆಯದು ಮತ್ತೆ ಮತ್ತೆ ಬರ್ತಿದ್ರೆ ಮಾತ್ರ ದೊಡ್ಡ ಬದಲಾವಣೆ ಬೇಕು. ಸ್ವಂತ ಹುಕ್ ಬಾಲ್ (ಕೊನೆಗೆ ಬಾಗಿ ತಿರುಗೋ ಬಾಲ್) ಇದ್ರೆ ಕಾಲು ಎರಡು ಬೋರ್ಡ್ ಎಡಕ್ಕೆ, ಕಣ್ಣಿನ ಗುರಿ ಒಂದು ಬೋರ್ಡ್ ಎಡಕ್ಕೆ ಇಟ್ಟು ನೋಡಿ. ಅಲ್ಲಿ ಲೇನಿಗೆ ಹಚ್ಚಿದ ಎಣ್ಣೆ ಹೆಚ್ಚಿರುತ್ತೆ, ಬಾಲ್ ದಾರಿಯಲ್ಲೇ ಸುಸ್ತಾಗೋದಿಲ್ಲ.

ನೀವು ಆಡ್ತಿರೋದು ಸೆಂಟರಿನ ಬಾಲಿನಲ್ಲಿ ಅಂದಿದ್ದೀರಿ. ಅದು ಪ್ಲಾಸ್ಟಿಕ್, ಎಣ್ಣೆ ಮೇಲೆ ತಿರುಗೋದಿಲ್ಲ. ಲೆಕ್ಕ ಹಾಕಿ: ಫೌಲ್ ಲೈನಿನಿಂದ (ಎಸೆಯುವಾಗ ಕಾಲು ದಾಟಬಾರದ ಗೆರೆಯಿಂದ) 1ನೇ ಪಿನ್‌ಗೆ 60 ಅಡಿ, ಪಾಕೆಟ್ ಇರೋದು ಬಲದಿಂದ 17ನೇ, 18ನೇ ಬೋರ್ಡ್ ಮಧ್ಯೆ, ಒಂದು ಬೋರ್ಡ್ ಒಂದು ಇಂಚಿಗಿಂತ ತುಸು ಹೆಚ್ಚು. ಬಲ ಅಂಚಿನಿಂದಲೇ ನೇರ ಎಸೆದ್ರೂ ಪಾಕೆಟ್ ಸೇರೋ ಕೋನ ಒಂದೂವರೆ ಡಿಗ್ರಿ ಆಸುಪಾಸು. ಪಿನ್‌ಗಳು ಚೆನ್ನಾಗಿ ಬೀಳೋದು ಆರು ಡಿಗ್ರಿ ಹತ್ತಿರ. ಹಾಗಾಗಿ ಆ ಬಾಲಿನಲ್ಲಿ 10 ಉಳಿಯೋದು ನಿಮ್ಮ ಕೈ ತಪ್ಪಲ್ಲ. ಮಣಿಕಟ್ಟು ತಿರುಚಿ ಹುಕ್ ತರೋಕೆ ಹೋಗಬೇಡಿ, ಉಳಿದ 10ನ್ನ ಹೊಡೆಯೋದು ಕಲೀರಿ.

ಅದು ಕಾಣೋದಕ್ಕಿಂತ ಸುಲಭ. 10ನೇ ಪಿನ್ ನಿಂತಿರೋದು ಬಲದಿಂದ 3ನೇ ಬೋರ್ಡ್ ಮೇಲೆ. ಬಾಲಿನ ಅಗಲ ಎಂಟೂವರೆ ಇಂಚು, ಪಿನ್ ಹೊಟ್ಟೆಯ ಅಗಲ ನಾಲ್ಕೂಮುಕ್ಕಾಲು ಇಂಚು. ಗಟರಿಗೆ ಬೀಳದೆ ಪಿನ್‌ಗೆ ತಾಗೋಕೆ ಬಾಲಿನ ನಡುವಿಗೆ ಸಿಗೋ ಜಾಗ ಒಂಬತ್ತು ಇಂಚಿಗೂ ಮೇಲೆ! ಎಡಗಡೆ ನಿಂತು, ಲೇನಿನ ಮೇಲೆ ಗುರುತು ಮಾಡಿರೋ ಬಾಣಗಳಲ್ಲಿ ಮಧ್ಯದ್ದರ ಮೇಲೆ, ಅಂದ್ರೆ 20ನೇ ಬೋರ್ಡ್ ಮೇಲೆ ಅಡ್ಡಕ್ಕೆ ನೇರವಾಗಿ ಎಸೀರಿ. ರೇಖೆ ಹಿಂದಕ್ಕೆ ಎಳೆದ್ರೆ ಬಾಲ್ ಫೌಲ್ ಲೈನ್ ದಾಟಬೇಕಾದ್ದು 25ನೇ ಬೋರ್ಡ್ ಹತ್ತಿರ. ಜಾರೋ ಕಾಲಿಗೂ ಬಾಲಿಗೂ ಆರೇಳು ಬೋರ್ಡ್ ಅಂತರ ಇರೋದ್ರಿಂದ ಎಡಗಾಲು 32ರ ಆಸುಪಾಸು ನಿಲ್ಲಬೇಕು. ಭುಜ 10ನೇ ಪಿನ್ ಕಡೆ ತಿರುಗಿರಲಿ, ನಡಿಗೆಯೂ ಆ ಕಡೆಗೇ ಇರಲಿ. ಹೆಚ್ಚಿನವರು ತಪ್ಪೋದು ಇಲ್ಲೇ: ಲೇನಿಗೆ ನೇರ ನಡೆದು ಕೊನೇ ಕ್ಷಣದಲ್ಲಿ ಕೈಯನ್ನ ಅಡ್ಡ ಎಳೀತಾರೆ. ಬಾಲ್ ಪ್ರತಿ ಸಲ ಎಡಕ್ಕೆ ತಪ್ತಿದ್ರೆ ಕಾರಣ ಹೆಚ್ಚಾಗಿ ಮಣಿಕಟ್ಟು ತಿರುಗೋದು. ಗಟರಿಗೆ ಹೋಗ್ತಿದ್ರೆ ಕಾಲು ಎರಡು ಬೋರ್ಡ್ ಬಲಕ್ಕೆ ತನ್ನಿ, ಗುರಿ ಹಾಗೇ ಇರಲಿ.

ಪಿನ್‌ವಾರು ದಾಖಲೆ ಇಲ್ಲಿ ಕೈ ಹಿಡಿಯುತ್ತೆ. ಐದಾರು ವಾರದಲ್ಲಿ 512 ಎಷ್ಟು ಸಲ ಬಂತು, ಅದರಲ್ಲಿ ಎಷ್ಟು ಸ್ಪೇರ್ ಆಯ್ತು ಅಂತ ಒಂದು ಸಾಲಿನ ಕ್ವೆರಿಯಲ್ಲಿ (ಡೇಟಾ ಹುಡುಕೋ ಆದೇಶದಲ್ಲಿ) ತಿಳಿಯುತ್ತೆ. ಒಂದು ಹೆಚ್ಚುವರಿ ಬಟನ್ ಇಡಿ: 6ನೇದು ಮಲಗಿತ್ತಾ, ಹಾರಿತ್ತಾ. ಅದನ್ನ ಯಾವ ಸೆಂಟರಿನ ಸ್ಕ್ರೀನೂ ನಿಮಗೆ ಹೇಳೋದಿಲ್ಲ.

ವಿಡಿಯೋಗೆ ಬರ್ತೀನಿ. 3.6 ಕಿಲೋಮೀಟರ್ ಬಂದಿರೋದು ಸ್ಲೋ ಮೋಷನ್ ಫೈಲಿನಿಂದ. ಸೆಕೆಂಡಿಗೆ 240 ಫ್ರೇಮ್ ತೆಗೆದದ್ದು 30ರ ವೇಗದಲ್ಲಿ ಆಡುವಾಗ ಸಮಯ ಎಂಟು ಪಟ್ಟು ಹಿಗ್ಗಿದೆ. 2.3 ಸೆಕೆಂಡಿನ ಓಟ 18.4 ಆಗಿದೆ. ಹಾಗಂತ ಬಂದ ಉತ್ತರವನ್ನ ಕಣ್ಣುಮುಚ್ಚಿ ಎಂಟರಿಂದ ಗುಣಿಸಬೇಡಿ. ಕೆಲವು ಫೋನುಗಳು ಕ್ಲಿಪ್ಪಿನ ನಡುಭಾಗವನ್ನ ಮಾತ್ರ ನಿಧಾನ ಮಾಡ್ತವೆ, ತುದಿಗಳು ಮಾಮೂಲಿ ವೇಗದಲ್ಲೇ ಇರ್ತವೆ. ವೇಗಕ್ಕೆ ಸ್ಲೋ ಮೋಷನ್ ಬೇಕಾಗಿಯೂ ಇಲ್ಲ. ಮಾಮೂಲಿ 30 ಫ್ರೇಮಿನಲ್ಲಿ ತೆಗೆದು, ಬಾಲ್ ಫೌಲ್ ಲೈನ್ ದಾಟಿದ ಫ್ರೇಮ್, 1ನೇ ಪಿನ್ ಅಲುಗಿದ ಫ್ರೇಮ್, ಎರಡರ ನಡುವಿನ ಸೆಕೆಂಡು ಹಿಡೀರಿ. 65.8ನ್ನ ಆ ಸೆಕೆಂಡಿನಿಂದ ಭಾಗಿಸಿದ್ರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಸಿಗುತ್ತೆ. 2.3ಕ್ಕೆ 28.6. ಒಂದು ಫ್ರೇಮ್ ಆಚೀಚೆ ಆದ್ರೆ ತಪ್ಪು ಅರ್ಧ ಕಿಲೋಮೀಟರ್ ಒಳಗೆ. ಸೆಂಟರಿನ ಸ್ಕ್ರೀನ್ ಬೇರೆ ಅಂಕಿ ತೋರಿಸಿದ್ರೆ ಗಾಬರಿ ಬೇಡ. ಅದು ಲೇನಿನ ಒಂದು ಜಾಗದಲ್ಲಿ ಅಳೆದದ್ದು, ನಿಮ್ಮದು ಇಡೀ ಓಟದ ಸರಾಸರಿ.

ಫ್ರೇಮ್ ಎಣಿಸಿ 30ರಿಂದ ಭಾಗಿಸಬೇಡಿ. ಬೆಳಕು ಕಡಿಮೆ ಇದ್ದಾಗ ಫೋನುಗಳು ಫ್ರೇಮ್ ದರವನ್ನ ತಾವೇ ಇಳಿಸ್ತವೆ, ಬೌಲಿಂಗ್ ಸೆಂಟರುಗಳು ಕತ್ತಲೆಯೇ ಇರ್ತವೆ. ಬ್ರೌಸರ್ ಪ್ರತಿ ಫ್ರೇಮಿನ ಜೊತೆ ಕೊಡೋ ಸಮಯದ ಗುರುತನ್ನೇ ಬಳಸಿ.

ಬಾಲ್ ಎಷ್ಟು ಸುತ್ತುತ್ತೆ ಅಂತ ನೋಡೋಕೆ ಮಾತ್ರ 240 ಬೇಕು. ಬಾಲಿಗೆ ಒಂದು ತುಂಡು ಬಿಳಿ ಟೇಪ್ ಅಂಟಿಸಿ, ಅದು ಒಂದು ಸುತ್ತು ಬರೋಕೆ ಎಷ್ಟು ಫ್ರೇಮ್ ಹಿಡೀತು ಎಣಿಸಿ. 14,400ನ್ನ ಅದರಿಂದ ಭಾಗಿಸಿದ್ರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ಬರುತ್ತೆ. 48 ಫ್ರೇಮ್ ಆದ್ರೆ 300 ಸುತ್ತು. ದೀಪಗಳು ಮಿನುಗಿದ ಹಾಗೆ ಕಂಡ್ರೆ ಅದು ನಮ್ಮ 50 ಹರ್ಟ್ಜ್ ಕರೆಂಟಿನಿಂದ, ಎಣಿಕೆಗೆ ತೊಂದರೆ ಇಲ್ಲ.

ಕ್ಲಿಪ್ಪುಗಳನ್ನ ಪೇಜಿಗೆ ಹಾಕುವಾಗ 720p ಗಾತ್ರಕ್ಕೆ ಇಳಿಸಿ, ಎಚ್.264 ಅನ್ನೋ ವಿಡಿಯೋ ರೂಪಕ್ಕೆ ಬದಲಾಯಿಸಿ, ಶಬ್ದ ತೆಗೆದುಬಿಡಿ. ಒತ್ತೋವರೆಗೂ ಡೌನ್‌ಲೋಡ್ ಆಗದ ಹಾಗೆ ಇಡಿ. ಪಕ್ಕದ ಲೇನಿನ ಮಕ್ಕಳ ಮುಖ ಬಂದಿದ್ರೆ ಆ ಭಾಗ ಕತ್ತರಿಸದೆ ಹಾಕಲೇಬೇಡಿ.

ಆನ್‌ಲೈನ್‌ನಲ್ಲಿ ನೋಡಿ ಎರಡು ಕೈಯಲ್ಲಿ ಎಸೆಯೋದು ಕಲೀಲಾ ಅಂತಲೂ ಕೇಳಿದ್ದೀರಿ. ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟೆ ಅವರಿಂದ ಆ ಶೈಲಿ ಎಲ್ಲೆಡೆ ಹರಡಿತು, ಅದು ಗಟ್ಟಿಯಾದ ವಿಧಾನ. ಆದರೆ ಅಲ್ಲಿ ಬಾಲ್ ಅಷ್ಟು ತಿರುಗೋದು ರಿಯಾಕ್ಟಿವ್ ರೆಸಿನ್ (ಲೇನನ್ನ ಹೆಚ್ಚು ಹಿಡಿಯೋ ಹೊದಿಕೆ) ಮೇಲ್ಮೈಯಿಂದಲೂ ಹೌದು. ನಮ್ಮ ಫೋನಿಗೆ ಬರೋ ಚಿಕ್ಕ ಕ್ಲಿಪ್ಪುಗಳು ಬಾಲ್ ಯಾವುದು, ಎಣ್ಣೆ ಎಷ್ಟು ಅಡಿ ಹಾಕಿದೆ ಅಂತ ಹೇಳೋದಿಲ್ಲ, ಸ್ಟ್ರೈಕ್ ಬಿದ್ದದ್ದನ್ನ ಮಾತ್ರ ತೋರಿಸ್ತವೆ. ಪೂರ್ತಿ ಪಂದ್ಯ ನೋಡಿ, ಅದರಲ್ಲೂ 40 ಅಡಿಯಿಂದಾಚೆ ಬಾಲ್ ಏನು ಮಾಡುತ್ತೆ, ಸ್ಪೇರ್‌ಗೆ ಅವರು ಬಾಲ್ ಬದಲಾಯಿಸ್ತಾರಾ ಅಂತ ಗಮನಿಸಿ. ಸೆಂಟರಿನ ಬಾಲಿನಲ್ಲಿ ಆ ತಿರುವು ಹುಡುಕಿದ್ರೆ ಮಣಿಕಟ್ಟು ನೋಯೋದೇ ಹೆಚ್ಚು. ಸ್ವಂತ ಬಾಲ್ ಕೊಳ್ಳೋದಾದ್ರೆ ಬೆರಳಿನ ಅಳತೆ ಕೊಟ್ಟು ರಂಧ್ರ ಕೊರೆಸಿಕೊಂಡೇ ಕೊಳ್ಳಿ.

ಸದ್ಯಕ್ಕೆ ಲೂಪ್ ಹತ್ತಕ್ಕೆ ನಿಲ್ಲಿಸಿ, ಪಿನ್ ತ್ರಿಕೋನ ಹಾಕಿ. ಮುಂದಿನ ಎರಡು ವಾರದ 512ಗಳನ್ನ, 6ನೇದು ಮಲಗಿತ್ತಾ ಹಾರಿತ್ತಾ ಅನ್ನೋದರ ಜೊತೆ ಇಲ್ಲೇ ಹಾಕಿ. ಕಾಲು ಎಲ್ಲಿಡಬೇಕು ಅಂತ ಬೋರ್ಡ್ ಲೆಕ್ಕದಲ್ಲೇ ನೋಡೋಣ.