ಸರ್ಪಸುತ್ತಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಹಳೆಯವೇ. ಮೊದಲೇ ಹೇಳಿಬಿಡುತ್ತೇನೆ, ನಾನು ಲ್ಯಾಬಿನಲ್ಲಿ ವೈರಸ್ ಹಿಡಿದುಕೊಂಡು ಕೂರುವವನು, ಮದ್ದಿನ ಚೀಟಿ ಬರೆಯುವ ಡಾಕ್ಟರ್ ಅಲ್ಲ. ಗುಳ್ಳೆಯ ಫೋಟೋ ಕಳಿಸಬೇಡಿ.

ಪ್ರಶ್ನೆ: ಅತ್ತೆಗೆ ಸೊಂಟದಲ್ಲಿ ಸರ್ಪಸುತ್ತು ಎದ್ದಿದೆ. ಮಂತ್ರಿಸಿದ ಕೆಮ್ಮಣ್ಣು ಹಚ್ಚುತ್ತಿದ್ದೇವೆ. ತಲೆ, ಬಾಲ ಸೇರಿದರೆ ಜೀವಕ್ಕೇ ಅಪಾಯವಂತೆ, ಹೌದಾ? ವೈರಸ್‌ಗೆ ಮದ್ದೇ ಇಲ್ಲ ಅಂತಾರಲ್ಲ, ಡಾಕ್ಟರ್ ಹತ್ತಿರ ಹೋಗಿ ಏನು ಲಾಭ? (ಬದಿಯಡ್ಕದಿಂದ)

ಉತ್ತರ: ಇದನ್ನು ಆಮೇಲೆ ಓದಿ, ಮೊದಲು ಅತ್ತೆಯನ್ನು ಕರೆದುಕೊಂಡು ಹೋಗಿ. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಪ್ರಯೋಜನ ಜಾಸ್ತಿ. ಹೊಸ ಗುಳ್ಳೆ ಏಳುತ್ತಲೇ ಇದ್ದರೆ ಆಮೇಲೂ ಕೊಡುತ್ತಾರೆ. ಹಣೆ, ಕಣ್ಣು, ಮೂಗಿನ ತುದಿಯಲ್ಲಿ ಎದ್ದರಂತೂ ಅದೇ ದಿನ ಹೋಗಬೇಕು, ದೃಷ್ಟಿಗೇ ಕುತ್ತು ಬಂದೀತು.

ಹಾವಿಗೂ ಇದಕ್ಕೂ ಏನೂ ಸಂಬಂಧವಿಲ್ಲ ಮಾರಾಯರೆ. ಚಿಕ್ಕಂದಿನಲ್ಲಿ ಬಂದು ಹೋದ ಚಿಕನ್‌ಪಾಕ್ಸ್ ವೈರಸ್ಸೇ ಇದು. ಹೋಯಿತು ಅಂತ ನಾವು ಅಂದುಕೊಂಡದ್ದು, ಅದು ಬೆನ್ನುಹುರಿಯ ಪಕ್ಕದ ನರದ ಗಂಟುಗಳಲ್ಲಿ ಮಲಗಿರುತ್ತದೆ. ವಯಸ್ಸಾಗಿ ಮೈಯ ಕಾವಲು ಸಡಿಲವಾದಾಗ ಎದ್ದು, ಒಂದು ನರ ಹಿಡಿದು ಚರ್ಮಕ್ಕೆ ಇಳಿಯುತ್ತದೆ. ಆ ನರದ ಪಟ್ಟಿ ಬೆನ್ನಿನಿಂದ ಹೊಟ್ಟೆಯ ನಡುವಿನವರೆಗೆ ಬಂದು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಗುಳ್ಳೆ ಒಂದೇ ಬದಿಗೆ. ಸೇರುವುದಕ್ಕೆ ತಲೆ ಎಲ್ಲಿದೆ, ಬಾಲ ಎಲ್ಲಿದೆ? 'ಸುತ್ತು ಪೂರ್ತಿ ಆಗದ ಹಾಗೆ ನಾನು ತಡೆದೆ' ಅಂತ ಮಂತ್ರ ಹಾಕಿದವನು ಹೇಳುತ್ತಾನೆ. ಹೇಗೂ ಪೂರ್ತಿ ಆಗುತ್ತಿರಲಿಲ್ಲ.

ನನ್ನ ದೊಡ್ಡಮ್ಮನಿಗೂ ಒಂಬತ್ತು ದಿನ ಕೆಮ್ಮಣ್ಣೇ ಮದ್ದಾಗಿತ್ತು. ಗುಳ್ಳೆ ತಾನಾಗಿ ಒಣಗಿತು, ಕಾಣಿಕೆಯೂ ಹೋಯಿತು, ನೋವು ಮಾತ್ರ ಹೋಗಲಿಲ್ಲ. ಎರಡು ವರ್ಷ ರವಿಕೆ ತಾಗಿದರೂ ಉರಿ, ಎಡಕ್ಕೆ ಮಗ್ಗುಲಾಗುವ ಹಾಗಿಲ್ಲ. ಈ ವಿಷಯ ಬಂದಾಗ ನನ್ನ ಸ್ವರ ಏರುವುದು ಅದಕ್ಕೇ.

ಇನ್ನು 'ವೈರಸ್‌ಗೆ ಮದ್ದಿಲ್ಲ' ಎಂಬ ಮಾತು. ಒಂದು ಕಾಲಕ್ಕೆ ವಿಜ್ಞಾನಿಗಳೂ ಹೆಚ್ಚುಕಡಿಮೆ ಹಾಗೇ ನಂಬಿದ್ದರು. ವೈರಸ್‌ಗೆ ಸ್ವಂತ ಮನೆ ಇಲ್ಲ, ನಮ್ಮ ಜೀವಕೋಶದೊಳಗೆ ಕೂತು ನಮ್ಮದೇ ಸಾಮಾನಿನಲ್ಲಿ ತನ್ನ ಅಡುಗೆ ಮಾಡಿಕೊಳ್ಳುತ್ತದೆ, ಅದನ್ನು ಕೊಲ್ಲಲು ಹೋದರೆ ನಮ್ಮ ಕೋಶವೂ ಸಾಯುತ್ತದಲ್ಲ ಎಂಬ ಹೆದರಿಕೆ. ಆ ನಂಬಿಕೆ ಮುರಿದದ್ದು ಅಸೈಕ್ಲೋವಿರ್, ಸರ್ಪಸುತ್ತಿಗೆ ಕೊಡುವ ಮಾತ್ರೆಯೇ ಅದು. ಗರ್ಟ್ರೂಡ್ ಎಲಿಯನ್ ಅವರ ತಂಡದ ಕೆಲಸ. ಪಿಎಚ್‌ಡಿ ಮುಗಿಸದ ಈ ಹೆಂಗಸಿಗೆ 1988ರಲ್ಲಿ ನೊಬೆಲ್ ಬಂತು.

ಈ ಮಾತ್ರೆ ಒಳಗೆ ಹೋದಾಗ ಸುಮ್ನೆ ಬಿದ್ದಿರುತ್ತದೆ. ಅದು ಎಚ್ಚರವಾಗಬೇಕಾದರೆ ಫಾಸ್ಫೇಟ್ ಎಂಬ ರಾಸಾಯನಿಕ ತುಂಡುಗಳು ಅಂಟಬೇಕು, ಮೊದಲನೆಯದನ್ನು ಅಂಟಿಸುವ ಕೆಲಸ ನಮ್ಮ ಕೋಶಕ್ಕೆ ಸರಿಯಾಗಿ ಬರುವುದಿಲ್ಲ, ವೈರಸ್ಸಿನ ಥೈಮಿಡಿನ್ ಕೈನೇಸ್ ಎಂಬ ಕಿಣ್ವಕ್ಕೆ ಚೆನ್ನಾಗಿ ಬರುತ್ತದೆ. ಅಂದರೆ ತನ್ನ ವಿಷಕ್ಕೆ ತಾನೇ ಒಗ್ಗರಣೆ ಹಾಕಿಕೊಳ್ಳುತ್ತದೆ! ಆಮೇಲೆ ವೈರಸ್ ತನ್ನ ಡಿಎನ್‌ಎ ನಕಲು ಮಾಡುವಾಗ ಈ ಮದ್ದನ್ನೂ ಒಂದು ಬೋಗಿ ಅಂದುಕೊಂಡು ಸರಪಳಿಗೆ ಜೋಡಿಸುತ್ತದೆ. ಈ ಬೋಗಿಗೆ ಹಿಂದೆ ಕೊಂಡಿಯೇ ಇಲ್ಲ. ರೈಲು ಅಲ್ಲಿಗೇ ಮುಗಿಯಿತು.

ಆದರೆ ಮಲಗಿರುವ ವೈರಸ್ ಆ ಕಿಣ್ವವನ್ನು ಮಾಡುವುದಿಲ್ಲ. ಹಾಗಾಗಿ ಮದ್ದು ಅದನ್ನು ಮುಟ್ಟುವುದೇ ಇಲ್ಲ, ಎದ್ದದ್ದನ್ನು ಮಾತ್ರ ಹಿಡಿಯುತ್ತದೆ. ಅದು ಹೇಗೆ ಮಲಗುತ್ತದೆ, ಯಾಕೆ ಏಳುತ್ತದೆ ಎಂಬುದೇ ನಮ್ಮಂಥವರ ತಲೆನೋವು. ಅದು ಗೊತ್ತಾಗುವವರೆಗೆ 50 ದಾಟಿದವರಿಗೆ ಲಸಿಕೆ ಇದೆ. ಅದರಲ್ಲಿ ಜೀವಂತ ವೈರಸ್ ಇಲ್ಲ, ಅದರ ಹೊರಮೈಯ ಒಂದು ಪ್ರೋಟೀನ್ ಮಾತ್ರ. ಎರಡು ಡೋಸ್, ಬೆಲೆ ಜಾಸ್ತಿ, ಒಂದೆರಡು ದಿನ ತೋಳು ನೋವು ಗ್ಯಾರಂಟಿ. ನಾನು ತೆಗೆದುಕೊಂಡಿದ್ದೇನೆ. ಅತ್ತೆಗೆ ಈಗ ಬೇಡ, ಪೂರ್ತಿ ಗುಣವಾದ ಮೇಲೆ ಕೇಳಿ.

ಮೆಡಿಕಲ್‌ನಿಂದ ನೀವೇ ಮಾತ್ರೆ ತಂದು ಕೊಡಬೇಡಿ. ಕಿಡ್ನಿ ತೊಂದರೆ ಇದ್ದವರಿಗೆ ಡೋಸ್ ಬೇರೆ.

ಪ್ರಶ್ನೆ: ವೈರಲ್ ಜ್ವರಕ್ಕೆ ಮೂರು ದಿನದ ಆಂಟಿಬಯೋಟಿಕ್ ಸಾಕಾ, ಐದು ದಿನ ಬೇಕಾ?

ಉತ್ತರ: ಸೊನ್ನೆ ದಿನ.

ಪ್ರಶ್ನೆ: ಕಾಮಾಲೆಗೆ ನಮ್ಮೂರಿನ ಒಬ್ಬರ ಮದ್ದಿನಿಂದ ನೂರಾರು ಜನರಿಗೆ ಗುಣವಾಗಿದೆ. ಏನಂತೀರಿ?

ಉತ್ತರ: ಕಾಮಾಲೆ ತರುವ ವೈರಸ್ ಕಾಯಿಲೆಗಳಲ್ಲಿ ಒಂದಾದ ಹೆಪಟೈಟಿಸ್ ಎ ಹೆಚ್ಚಿನವರಿಗೆ ತಾನಾಗಿ ವಾಸಿಯಾಗುತ್ತದೆ. ವಾಸಿಯಾಗದವರ ಲೆಕ್ಕ ಅವರು ಇಟ್ಟಿದ್ದಾರಾ, ಕೇಳಿ ನೋಡಿ.

ಪ್ರಶ್ನೆ: ಡೆಂಗಿಗೆ ಪಪ್ಪಾಯಿ ಎಲೆ ರಸ ದಿನಕ್ಕೆಷ್ಟು ಸಲ?

ಉತ್ತರ: ಕುಡಿಯುವುದಾದರೆ ಗಂಜಿ ತಿಳಿ ಕುಡಿಯಿರಿ. ಪ್ಲೇಟ್‌ಲೆಟ್ ಸಾಮಾನ್ಯವಾಗಿ ತಾನಾಗಿ ಏರುತ್ತದೆ. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಓಡಿ. ಮತ್ತೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳನ್ನು ಕವುಚಿ ಹಾಕಿ, ಸೊಳ್ಳೆ ಮೊಟ್ಟೆ ಇಡುವುದು ಅದರಲ್ಲಿ ನಿಂತ ನೀರಲ್ಲೇ.